ಲೈಡನ್ನಿನ ಅರಬ್ಬಿ ಪೀಠ: ಗ್ರಂಥಭಾಷೆ, ಆಡುಮಾತು ಮತ್ತು ಕಲಿಕೆಯ ಕ್ರಮ

1. ಪೀಠಿಕೆ

ಅರಬ್ಬಿ ಭಾಷೆಯ ವಿಶ್ವವಿದ್ಯಾನಿಲಯ ಮಟ್ಟದ ಅಧ್ಯಯನವು ಬಹುಕಾಲದಿಂದ ಒಂದು ಗೊತ್ತಾದ ಕ್ರಮವನ್ನು ಅನುಸರಿಸಿಕೊಂಡು ಬಂದಿದೆ. ಮೊದಲು 28 ಅಕ್ಷರಗಳ ಲಿಪಿ, ಆಮೇಲೆ ಧಾತು ಮತ್ತು ಕ್ರಿಯಾರೂಪಗಳು, ಬಳಿಕ ನಿಘಂಟಿನ ನೆರವಿನಿಂದ ಓದುವ ಕಿರುಪಠ್ಯಗಳು, ಕೊನೆಯಲ್ಲಿ ಇತಿಹಾಸ, ಕಾವ್ಯ ಮತ್ತು ಹಸ್ತಪ್ರತಿಗಳು. ಯುರೋಪಿನಲ್ಲಿ ಈ ಕ್ರಮಕ್ಕೆ ಖಚಿತವಾದ ಆಕಾರ ದೊರೆತದ್ದು ಹದಿನೇಳನೆಯ ಶತಮಾನದಲ್ಲಿ, ಮುಖ್ಯವಾಗಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದಲ್ಲಿ. ಅರಬ್ಬಿ ಗ್ರಂಥಭಾಷೆಗೆ ಪ್ರವೇಶವನ್ನು ಸುಗಮಗೊಳಿಸಿದ ಈ ಕ್ರಮವೇ ಅರಬ್ಬರ ಆಡುಮಾತನ್ನು ತರಗತಿಯಿಂದ ಹೊರಗಿರಿಸಿತು. ಆಡುಮಾತು ಹೀಗೆ ಹೊರಗುಳಿದದ್ದು ಅಜ್ಞಾನದಿಂದಲ್ಲ, ತಿಳಿದೇ ಮಾಡಿದ ಆಯ್ಕೆಯಿಂದ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

2. ಪೂರ್ವಪ್ರಯತ್ನಗಳು

1311-12ರಲ್ಲಿ ಸೇರಿದ್ದ ವಿಯೆನ್ ಧರ್ಮಸಭೆಯು ಪೋಪರ ಆಸ್ಥಾನ, ಪ್ಯಾರಿಸ್, ಆಕ್ಸ್‌ಫರ್ಡ್, ಬೊಲೋನ್ಯಾ ಮತ್ತು ಸಾಲಮಾಂಕಾಗಳಲ್ಲಿ ಅರಬ್ಬಿಯೂ ಸೇರಿದಂತೆ ಪೂರ್ವದೇಶದ ಭಾಷೆಗಳನ್ನು ಕಲಿಸಬೇಕೆಂದು ವಿಧಿಸಿತು. ಅದರ ಉದ್ದೇಶ ಮತಪ್ರಸಾರ. ಅರಬ್ಬಿಯ ಮಟ್ಟಿಗೆ ಈ ವಿಧಿ ಬಹುಪಾಲು ಕಾಗದದಲ್ಲಿಯೇ ಉಳಿಯಿತು. 1505ರಲ್ಲಿ ಸ್ಪೇನಿನ ಗ್ರನಾಡದಲ್ಲಿ ಪೆದ್ರೊ ದೆ ಅಲ್ಕಲಾ ಎಂಬ ಪಾದ್ರಿ ಅರಬ್ಬಿ ವ್ಯಾಕರಣವನ್ನು ಮುದ್ರಿಸಿದನು. ಅವನು ವಿವರಿಸಿದ್ದು ಗ್ರನಾಡದ ಜನ ಆಡುತ್ತಿದ್ದ ಅರಬ್ಬಿಯನ್ನು. ಮತಾಂತರಗೊಂಡವರ ಪಾಪನಿವೇದನೆಯನ್ನು ಕೇಳಬೇಕಾದ ಪಾದ್ರಿಗೆ ಬೇಕಾದದ್ದು ಜನರ ನಾಲಗೆಯ ಭಾಷೆಯೇ ಆಗಿತ್ತು. ಹೀಗೆ ಯುರೋಪಿನಲ್ಲಿ ಅಚ್ಚಾದ ಮೊದಲ ಅರಬ್ಬಿ ವ್ಯಾಕರಣವು ಆಡುಮಾತಿನದು ಎಂಬ ಸಂಗತಿ ಗಮನಾರ್ಹವಾದುದು. ಮುಂದಿನ ವಿಶ್ವವಿದ್ಯಾನಿಲಯ ಪರಂಪರೆ ಈ ಹಾದಿಯನ್ನು ಹಿಡಿಯಲಿಲ್ಲ.

3. ಎರ್ಪೇನಿಯಸ್ ಮತ್ತು ಅವನ ಇಬ್ಬರು ಗುರುಗಳು

1575ರಲ್ಲಿ ಸ್ಥಾಪಿತವಾದ ಲೈಡನ್ ವಿಶ್ವವಿದ್ಯಾನಿಲಯಕ್ಕೆ 1593ರಲ್ಲಿ ಬಂದ ಜೋಸೆಫ್ ಸ್ಕ್ಯಾಲಿಜರನು ಅರಬ್ಬಿಯ ಅಧ್ಯಯನಕ್ಕೆ ಪ್ರೇರಕನಾದನು. ಅವನ ಪ್ರೋತ್ಸಾಹದಿಂದ ಈ ಭಾಷೆಗೆ ಒಲಿದವನು ತಾಮಸ್ ಎರ್ಪೇನಿಯಸ್ (1584-1624). ಇವನು 1608ರ ಕೊನೆಯಲ್ಲಿ ಇಂಗ್ಲೆಂಡಿನ ವಿಲಿಯಂ ಬೆಡ್ವೆಲ್ಲನಿಂದ ಮೊದಲ ಪಾಠಗಳನ್ನು ಹೇಳಿಸಿಕೊಂಡು, 1609ರಲ್ಲಿ ಪ್ಯಾರಿಸ್ಸಿಗೆ ತೆರಳಿದನು. ಅಲ್ಲಿ ದೊರೆತ ಗುರು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತ ಯೂಸುಫ್ ಇಬ್ನ್ ಅಬೂ ದಕ್ನ್. ಅವನ ಮಾತೃಭಾಷೆ ಅರಬ್ಬಿ. ಆದರೆ ಅವನು ಬಲ್ಲದ್ದು ಈಜಿಪ್ಟಿನ ಆಡುಮಾತು. ಗ್ರಂಥಗಳ ಅರಬ್ಬಿಯಲ್ಲಿ ಅವನಿಗೆ ಪರಿಣತಿ ಇರಲಿಲ್ಲ. ಗುರು ಕಲಿಸಿದ ನುಡಿ ಪುಸ್ತಕಗಳಲ್ಲಿರುವ ನುಡಿಯಲ್ಲವೆಂದು ಎರ್ಪೇನಿಯಸನು ಬೇಗನೆ ಮನಗಂಡನು.

1611ರಲ್ಲಿ ಅವನಿಗೆ ಎರಡನೆಯ ಗುರು ದೊರೆತನು. ಸ್ಪೇನಿನಿಂದ ಮೊರಾಕ್ಕೊಗೆ ತಪ್ಪಿಸಿಕೊಂಡು ಹೋಗಿ ಅಲ್ಲಿನ ಸುಲ್ತಾನನ ಭಾಷಾಂತರಕಾರನಾಗಿದ್ದ ಅಹ್ಮದ್ ಇಬ್ನ್ ಕಾಸಿಮ್ ಅಲ್-ಹಜರಿಯು, ದೋಚಲ್ಪಟ್ಟ ಮೊರಿಸ್ಕೊ ವಲಸಿಗರ ಪರವಾಗಿ ನ್ಯಾಯ ಕೇಳಲು ಫ್ರಾನ್ಸಿಗೆ ಬಂದಿದ್ದನು. ಅವನು ಶಾಸ್ತ್ರೀಯ ಅರಬ್ಬಿಯನ್ನು ಬಲ್ಲವನು. ಅವನ ಒಡನಾಟದಿಂದ ಎರ್ಪೇನಿಯಸನಿಗೆ ಗ್ರಂಥಭಾಷೆಯ ವ್ಯಾಕರಣ ಸ್ಪಷ್ಟವಾಯಿತು. 1613ರಲ್ಲಿ ಅಲ್-ಹಜರಿಯು ಲೈಡನ್ನಿಗೂ ಬಂದು ಅವನನ್ನು ಕಂಡನು.

ಈ ಇಬ್ಬರು ಗುರುಗಳ ನಡುವಣ ಅಂತರವೇ ಅರಬ್ಬಿ ಕಲಿಕೆಯ ಮೂಲ ಸಮಸ್ಯೆ. ಗ್ರಂಥಭಾಷೆಯಲ್ಲಿ ನಾಮಪದವು ‘ಅಲ್-ಕಿತಾಬು’, ‘ಅಲ್-ಕಿತಾಬ’, ‘ಅಲ್-ಕಿತಾಬಿ’ ಎಂದು ವಿಭಕ್ತಿಗೆ ತಕ್ಕಂತೆ ಅಂತ್ಯಸ್ವರವನ್ನು ಬದಲಿಸುತ್ತದೆ. ಆಡುಮಾತಿನಲ್ಲಿ ಈ ಅಂತ್ಯಗಳು ಉದುರಿಹೋಗಿವೆ. ‘ನಿನಗೆ ಏನು ಬೇಕು’ ಎಂಬುದಕ್ಕೆ ಗ್ರಂಥಭಾಷೆ ‘ಮಾದಾ ತುರೀದ್’ ಎಂದರೆ, ಕೈರೊದವರು ‘ಆಯಿಜ್ ಏ’ ಎನ್ನುತ್ತಾರೆ. ಡಮಾಸ್ಕಸ್ಸಿನವರು ‘ಶೂ ಬಿದ್ದಕ್’ ಎನ್ನುತ್ತಾರೆ.

4. ಸೋಪಾನಕ್ರಮದ ರಚನೆ

1613ರಲ್ಲಿ ಲೈಡನ್ನಿನ ಪ್ರಾಧ್ಯಾಪಕನಾಗಿ ನೇಮಕಗೊಂಡ ಎರ್ಪೇನಿಯಸನು ಅದೇ ವರ್ಷ ತನ್ನ ಅರಬ್ಬಿ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದನು. ಅದರ ಆಧಾರ ಅಲ್-ಹಜರಿಯು ಬಲ್ಲ ಶಾಸ್ತ್ರೀಯ ಅರಬ್ಬಿಯೇ ಹೊರತು ಅಬೂ ದಕ್ನ್‌ನ ಆಡುಮಾತಲ್ಲ. ಪೂರ್ವದ ಗ್ರಂಥಗಳಲ್ಲಿರುವ ವೈದ್ಯ, ಗಣಿತ, ಇತಿಹಾಸ ಮತ್ತು ಧರ್ಮಶಾಸ್ತ್ರಗಳನ್ನು ಓದಬೇಕಾದ ವಿದ್ವಾಂಸರಿಗೆ ಇದು ಸಹಜವಾದ ಆಯ್ಕೆಯಾಗಿತ್ತು.

ವ್ಯಾಕರಣದ ಬೆನ್ನಿಗೆ ಅವನು ಮೆಟ್ಟಿಲುಮೆಟ್ಟಿಲಾಗಿ ಪಠ್ಯಗಳನ್ನು ಒದಗಿಸಿದನು. 1614ರಲ್ಲಿ ಗಾದೆಗಳ ಸಂಗ್ರಹ, 1615ರಲ್ಲಿ ಲುಕ್ಮಾನನ ನೀತಿಕಥೆಗಳು, 1617ರಲ್ಲಿ ಅರಬ್ ಬಾಲಕರು ಕಂಠಪಾಠ ಮಾಡುತ್ತಿದ್ದ ‘ಆಜುರ್ರೂಮಿಯ್ಯ’ ಹಾಗೂ ಪದಾಂತ್ಯಗಳನ್ನು ನಿಯಂತ್ರಿಸುವ ನೂರು ‘ಆಮಿಲ್’ಗಳನ್ನು ಕುರಿತ ಕೃತಿ ಹೊರಬಂದವು. ನೂರು ಆಮಿಲ್‌ಗಳ ಪಾಠವು ಭಾರತದ ಮದರಸಾಗಳ ದರ್ಸ್-ಎ-ನಿಜಾಮಿ ಪಠ್ಯಕ್ರಮದಲ್ಲಿಯೂ ಸ್ಥಾನ ಪಡೆದಿತ್ತು. ಗಾದೆಯಂಥ ಒಂದೆರಡು ಸಾಲಿನ ಪಠ್ಯ ಮೊದಲು, ಕಥೆ ಆಮೇಲೆ, ದೀರ್ಘ ಇತಿಹಾಸ ಗ್ರಂಥ ಕೊನೆಗೆ ಎಂಬ ಏರಿಕೆ ಇಲ್ಲಿ ಎದ್ದುಕಾಣುತ್ತದೆ. ಅಲ್-ಮಕೀನನ ಇತಿಹಾಸದ ಆವೃತ್ತಿ 1625ರಲ್ಲಿ ಪ್ರಕಟವಾಗುವ ಹೊತ್ತಿಗೆ ಎರ್ಪೇನಿಯಸನು ಪ್ಲೇಗಿಗೆ ಬಲಿಯಾಗಿದ್ದನು.

ಅವನ ಉತ್ತರಾಧಿಕಾರಿ ಯಾಕೋಬ್ ಗೋಲಿಯಸ್ (1596-1667) ಮೊರಾಕ್ಕೊ ಮತ್ತು ಅಲೆಪ್ಪೊಗಳಲ್ಲಿ ಸಂಚರಿಸಿ ಹಸ್ತಪ್ರತಿಗಳನ್ನು ಸಂಗ್ರಹಿಸಿದನು. 1653ರ ಅವನ ಅರಬ್ಬಿ-ಲ್ಯಾಟಿನ್ ನಿಘಂಟಿಗೆ ಅಲ್-ಜೌಹರಿಯ ‘ಸಿಹಾಹ್’ ಮತ್ತು ಅಲ್-ಫೀರೂಜಾಬಾದಿಯ ‘ಕಾಮೂಸ್’ ಮುಖ್ಯ ಆಕರಗಳು. ಆ ಎರಡೂ ನಿಘಂಟುಗಳು ಧಾತುವಿನ ಕೊನೆಯ ವ್ಯಂಜನವನ್ನು ಅನುಸರಿಸಿ ಪದಗಳನ್ನು ಜೋಡಿಸಿದ್ದವು. ಗೋಲಿಯಸನು ಮೊದಲ ವ್ಯಂಜನದ ಕ್ರಮವನ್ನು ಅಳವಡಿಸಿದನು. ಫ್ರೈಟಾಗನ ನಿಘಂಟು 1830-37ರಲ್ಲಿ ಬರುವವರೆಗೂ ಯುರೋಪಿನ ವಿದ್ಯಾರ್ಥಿಗಳಿಗೆ ಇದೇ ಆಧಾರವಾಗಿತ್ತು. ಇಸ್ತಾಂಬುಲ್ಲಿನಲ್ಲಿ ಡಚ್ ಪ್ರತಿನಿಧಿಯಾಗಿದ್ದು 1665ರಲ್ಲಿ ತೀರಿಕೊಂಡ ಲೆವಿನಸ್ ವಾರ್ನರನು ಸುಮಾರು 1000 ಹಸ್ತಪ್ರತಿಗಳನ್ನು ಲೈಡನ್ನಿಗೆ ಬಿಟ್ಟುಹೋದನು. ಅಲ್ಲಿಗೆ ಸೋಪಾನದ ತುದಿಯ ಮೆಟ್ಟಿಲೂ ಸಿದ್ಧವಾಯಿತು.

5. ಪರಂಪರೆಯ ವಿಸ್ತಾರ

ಕೇಂಬ್ರಿಜ್‌ನಲ್ಲಿ 1632ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ 1636ರಲ್ಲಿ ಅರಬ್ಬಿ ಪೀಠಗಳು ಸ್ಥಾಪನೆಗೊಂಡವು. ಆಕ್ಸ್‌ಫರ್ಡ್‌ನ ಮೊದಲ ಪ್ರಾಧ್ಯಾಪಕ ಎಡ್ವರ್ಡ್ ಪೊಕಾಕನು ಅಲೆಪ್ಪೊದಲ್ಲಿ ವಾಸವಿದ್ದು ಕಲಿತವನು. ದರ್ವೀಶ್ ಅಹ್ಮದ್ ಎಂಬ ಅಲ್ಲಿನ ವಿದ್ವಾಂಸನು ಅವನಿಗೆ ಹಸ್ತಪ್ರತಿಗಳನ್ನು ಒದಗಿಸುತ್ತಿದ್ದನು. ಇಂಥ ನೆರವುಗಾರರ ಕೊಡುಗೆ ಪತ್ರಗಳಲ್ಲಿ ಮತ್ತು ಹಸ್ತಪ್ರತಿಗಳಲ್ಲಿ ಉಳಿದಿದೆ. ಪೀಠಗಳ ಚರಿತ್ರೆಯಲ್ಲಿ ಅದಕ್ಕೆ ದೊರೆತ ಸ್ಥಳ ಅತ್ಯಲ್ಪ.

ಭಾರತದಲ್ಲಿ 1800ರಲ್ಲಿ ಆರಂಭವಾದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಪಠ್ಯಗಳಲ್ಲಿ ಅರಬ್ಬಿಯೂ ಇತ್ತು. ಅಲ್ಲಿನ ಮ್ಯಾಥ್ಯೂ ಲಂಸ್ಡೆನ್ 1813ರಲ್ಲಿ ಪ್ರಕಟಿಸಿದ ಅರಬ್ಬಿ ವ್ಯಾಕರಣವು ಅರಬ್ ವೈಯಾಕರಣರ ಪದ್ಧತಿಯನ್ನೇ ಅನುಸರಿಸಿತು. ಈ ಕಾಲೇಜಿನ ಚರಿತ್ರೆಗೆ ಕರ್ನಾಟಕದ ನಂಟೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪು ಸುಲ್ತಾನನ ಗ್ರಂಥಾಲಯದ ಬಹುಭಾಗ ಕಲ್ಕತ್ತೆಯ ಈ ಕಾಲೇಜಿಗೆ ಸಾಗಿತು. ಚಾರ್ಲ್ಸ್ ಸ್ಟುವರ್ಟ್ ಸಿದ್ಧಪಡಿಸಿದ ಅದರ ವಿವರಣಾತ್ಮಕ ಸೂಚಿಯು 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಲೈಡನ್ನಿಗೆ ಹಸ್ತಪ್ರತಿಗಳು ಖರೀದಿ ಮತ್ತು ದತ್ತಿಗಳ ಮೂಲಕ ಬಂದರೆ, ಇಲ್ಲಿ ಅವು ಯುದ್ಧದ ಮೂಲಕ ಬಂದವು.

6. ಆಡುಮಾತಿನ ಮರುಪ್ರವೇಶ

ರಾಜಕಾರಣ ಮತ್ತು ವಾಣಿಜ್ಯಗಳ ಉಪಯೋಗಕ್ಕಾಗಿ 1795ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಪೌರ್ವಾತ್ಯ ಜೀವಂತ ಭಾಷೆಗಳ ಶಾಲೆಯು ಗ್ರಂಥಭಾಷೆ, ಆಡುಮಾತುಗಳೆರಡನ್ನೂ ಕಲಿಸಬೇಕಾಗಿತ್ತು. ಅಲ್ಲಿನ ಸಿಲ್ವೆಸ್ತ್ರ್ ದ ಸಾಸಿಯ ಪ್ರಸಿದ್ಧ ವ್ಯಾಕರಣ (1810) ಗ್ರಂಥಭಾಷೆಯದು. ಆಡುಮಾತಿನ ಪಾಠವನ್ನು 1803ರಿಂದ ಈಜಿಪ್ಟಿನಿಂದ ಬಂದ ಡಾಮ್ ರಫಾಯೆಲ್ ನಡೆಸಿದನು. ಆಡುಮಾತಿಗೆ ತರಗತಿ ದೊರೆಯಿತು. ಆದರೆ ಅದು ಬೇರೆಯ ತರಗತಿ, ಬೇರೆಯ ಗುರು.

1959ರಲ್ಲಿ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ ಅವರು ಒಂದೇ ಸಮುದಾಯದಲ್ಲಿ ಉನ್ನತ ಮತ್ತು ಸಾಮಾನ್ಯ ರೂಪಗಳೆರಡೂ ಬೇರೆಬೇರೆ ಕಾರ್ಯಗಳಿಗೆ ಬಳಕೆಯಾಗುವ ಸ್ಥಿತಿಯನ್ನು ‘ಡೈಗ್ಲಾಸಿಯಾ’ ಎಂದು ಕರೆದು, ಅರಬ್ಬಿಯನ್ನು ಅದರ ಮುಖ್ಯ ನಿದರ್ಶನಗಳಲ್ಲಿ ಒಂದಾಗಿ ವಿವರಿಸಿದರು. ಆಡುಮಾತು ಗ್ರಂಥಭಾಷೆಯ ಕೆಟ್ಟ ರೂಪವಲ್ಲ, ತನ್ನದೇ ನಿಯಮಗಳುಳ್ಳ ವ್ಯವಸ್ಥೆ ಎಂಬ ತಿಳಿವಳಿಕೆಗೆ ಇದರಿಂದ ಬಲ ಬಂದಿತು. 1995ರಿಂದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ ಮುದ್ರಣಾಲಯ ಹೊರತಂದ ‘ಅಲ್-ಕಿತಾಬ್’ ಪಠ್ಯಮಾಲೆಯು ಪ್ರಾರಂಭದಿಂದ ಪ್ರೌಢ ಹಂತದವರೆಗಿನ ಕಲಿಕೆಯನ್ನು ಯೋಜಿಸಿ, ಗ್ರಂಥಭಾಷೆಯ ಜೊತೆಯಲ್ಲಿ ಈಜಿಪ್ಟಿನ ಆಡುಮಾತಿಗೂ ಎಡೆಮಾಡಿತು.

7. ಉಪಸಂಹಾರ

ಲೈಡನ್ ಪರಂಪರೆಯ ಸಾಧನೆ ನಿರ್ವಿವಾದ. ವ್ಯಾಕರಣ, ನಿಘಂಟು, ಶ್ರೇಣೀಕೃತ ಪಠ್ಯ, ಹಸ್ತಪ್ರತಿ ಎಂಬ ನಾಲ್ಕು ಅಂಗಗಳು ಸೇರಿರದಿದ್ದರೆ ಅರಬ್ಬಿ ವಾಙ್ಮಯದ ಶಾಸ್ತ್ರಶುದ್ಧ ಸಂಪಾದನೆ ಯುರೋಪಿನಲ್ಲಿ ಬೆಳೆಯುತ್ತಿರಲಿಲ್ಲ. ಆದರೆ ಪಠ್ಯಕ್ರಮವೆಂಬುದು ಯಾವ ಜ್ಞಾನ ಜ್ಞಾನವೆನಿಸಬೇಕು ಎಂಬ ತೀರ್ಮಾನವೂ ಹೌದು. ಆ ತೀರ್ಮಾನದ ಫಲವಾಗಿ ಪ್ರಾಚೀನ ಕಾವ್ಯವನ್ನು ಅರ್ಥೈಸಬಲ್ಲ ವಿದ್ಯಾರ್ಥಿಗಳು ಕೈರೊದ ಬೀದಿಯ ಮಾತನ್ನು ಗ್ರಹಿಸಲಾರದ ಸ್ಥಿತಿ ಬಹುಕಾಲ ಮುಂದುವರಿಯಿತು. 1609ರಲ್ಲಿ ಅಬೂ ದಕ್ನ್‌ನ ನುಡಿಯಲ್ಲಿ ಎರ್ಪೇನಿಯಸನು ಕಂಡದ್ದು ಕೊರತೆಯನ್ನು. ಸುಮಾರು ನಾಲ್ಕು ಶತಮಾನಗಳ ಬಳಿಕ ಆ ಈಜಿಪ್ಟಿನ ಆಡುಮಾತೇ ಪ್ರಾರಂಭಿಕರ ಪಠ್ಯದೊಳಗೆ ಪಾಠವಾಗಿ ಸೇರಿತು.