ಅಮೆರಿಕದ ಆದಿ ವಸಾಹತುಗಳಲ್ಲಿ ಪರಮತಸಹಿಷ್ಣುತೆ

ಸ್ವಮತದ ಆಚರಣೆಗೆ ವಿಘ್ನವೊದಗಿದಾಗ ಜನ್ಮಭೂಮಿಯನ್ನೇ ತೊರೆದು ಹೋಗುವುದು ಸಾಮಾನ್ಯವಾದ ಧೈರ್ಯವಲ್ಲ. ಅಂತಹ ಧೈರ್ಯವುಳ್ಳವರು ತಾವು ನೆಲಸಿದ ಹೊಸ ನಾಡಿನಲ್ಲಿ ಅನ್ಯಮತೀಯರಿಗೂ ಎಡೆಗೊಡುವರೆಂದು ಊಹಿಸುವುದು ಸಹಜವೇ ಸರಿ. ಆದರೆ ಹದಿನೇಳನೆಯ ಶತಮಾನದಲ್ಲಿ ಉತ್ತರ ಅಮೆರಿಕದ ಪೂರ್ವತೀರದಲ್ಲಿ ಆಂಗ್ಲೇಯರು ಸ್ಥಾಪಿಸಿದ ವಸಾಹತುಗಳ ಚರಿತ್ರೆಯು ಈ ಊಹೆಯನ್ನು ಬಹುಮಟ್ಟಿಗೆ ಸುಳ್ಳುಮಾಡುತ್ತದೆ.

ಆ ಕಾಲದ ಇಂಗ್ಲೆಂಡಿನಲ್ಲಿ ರಾಜನೇ ಮತಸಂಸ್ಥೆಗೂ ಅಧಿಪತಿಯಾಗಿದ್ದನು. ರಾಜಾಂಗೀಕೃತವಾದ ಪೂಜಾವಿಧಿಯನ್ನು ಒಪ್ಪದವರಿಗೆ ದಂಡವೂ ಸೆರೆಯೂ ಪ್ರಾಪ್ತವಾಗುತ್ತಿದ್ದವು. ಆ ಸಂಸ್ಥೆಯಿಂದ ಬೇರ್ಪಟ್ಟ ಒಂದು ಸಣ್ಣ ಸಮುದಾಯದವರು ಮೊದಲು ಹಾಲೆಂಡಿನ ಲೈಡನ್ ನಗರದಲ್ಲಿ ಆಶ್ರಯ ಪಡೆದರು. ಬಳಿಕ ಅವರಲ್ಲಿ ಕೆಲವರು ಇತರರೊಡಗೂಡಿ 1620ರಲ್ಲಿ ಮೇಫ್ಲವರ್ ಎಂಬ ನೌಕೆಯಲ್ಲಿ ಸಾಗರವನ್ನು ದಾಟಿ ಪ್ಲಿಮತ್ತಿನಲ್ಲಿ ನೆಲಸಿದರು. ನೌಕೆಯ 102 ಮಂದಿ ಪ್ರಯಾಣಿಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರು ಮೊದಲನೆಯ ಚಳಿಗಾಲದಲ್ಲಿಯೇ ಅಳಿದರು. ಹತ್ತು ವರ್ಷಗಳ ತರುವಾಯ, 1630ರಲ್ಲಿ, ಜಾನ್ ವಿಂಥ್ರಾಪನ ನಾಯಕತ್ವದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡದಾದ ಪ್ಯೂರಿಟನ್ನರ ಸಮೂಹವು ಬಂದು ಬೋಸ್ಟನ್ ನಗರವನ್ನು ಕಟ್ಟಿ ಮ್ಯಾಸಚೂಸೆಟ್ಸ್ ವಸಾಹತನ್ನು ನೆಲೆಗೊಳಿಸಿತು. ಮರುವರ್ಷವೇ, ತಮ್ಮ ಮತಸಂಘದ ಸದಸ್ಯರಲ್ಲದವರಿಗೆ ಆಳಿಕೆಯಲ್ಲಿ ಮತ ನೀಡುವ ಹಕ್ಕಿಲ್ಲವೆಂದು ಅಲ್ಲಿ ವಿಧಿಸಲಾಯಿತು. ಇದರಲ್ಲಿ ಕಪಟವೇನೂ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಸರ್ವರಿಗೂ ಸ್ವಾತಂತ್ರ್ಯವನ್ನು ಕೊಡುವೆವೆಂದು ಅವರು ಎಂದೂ ವಚನವಿತ್ತವರಲ್ಲ. ಸತ್ಯವೆಂದು ತಾವು ನಂಬಿದ ಮಾರ್ಗಕ್ಕೆ ಒಂದು ರಾಜ್ಯವಿರಲೆಂಬುದಷ್ಟೇ ಅವರ ಬಯಕೆಯಾಗಿದ್ದಿತು.

ಈ ಬಯಕೆಯಲ್ಲಿದ್ದ ದೋಷವನ್ನು ಅವರಲ್ಲಿಯೇ ಒಬ್ಬನು ಕಂಡನು. ರೋಜರ್ ವಿಲಿಯಮ್ಸನೆಂಬ ಆ ಯುವಕ ಬೋಧಕನು 1631ರಲ್ಲಿ ಬೋಸ್ಟನ್ನಿಗೆ ಬಂದನು. ಆತನ ಮಾತುಗಳಲ್ಲಿ ಅಧಿಕಾರಿಗಳಿಗೆ ಅಸಹ್ಯವಾದವು ಮುಖ್ಯವಾಗಿ ಎರಡು. ಮೂಲನಿವಾಸಿಗಳ ಭೂಮಿಯನ್ನು ಅವರನ್ನು ಕೇಳದೆ ಇತರರಿಗೆ ದಾನಮಾಡಲು ಇಂಗ್ಲೆಂಡಿನ ದೊರೆಗೆ ಹಕ್ಕಿಲ್ಲವೆಂಬುದು ಒಂದು. ಮನುಷ್ಯನಿಗೂ ದೇವರಿಗೂ ಇರುವ ಸಂಬಂಧದಲ್ಲಿ ರಾಜದಂಡವು ಪ್ರವೇಶಿಸಕೂಡದೆಂಬುದು ಇನ್ನೊಂದು. 1635ರ ಅಕ್ಟೋಬರ್ ತಿಂಗಳಲ್ಲಿ ಆತನಿಗೆ ದೇಶಭ್ರಷ್ಟತೆಯ ಶಿಕ್ಷೆಯಾಯಿತು. ತನ್ನನ್ನು ಹಿಡಿದು ಇಂಗ್ಲೆಂಡಿಗೆ ಹೋಗುವ ಹಡಗಿಗೆ ಏರಿಸುವರೆಂಬ ಸುಳಿವು ದೊರೆಯಲು, 1636ರ ಜನವರಿಯ ಹಿಮದಲ್ಲಿ ಆತನು ಮನೆಯನ್ನು ಬಿಟ್ಟು ಕಾಡುಸೇರಿದನು. ಆಗ ಆತನಿಗೆ ಆಶ್ರಯವಿತ್ತವರು ಮೂಲನಿವಾಸಿಗಳು. ನ್ಯಾರಗ್ಯಾನ್ಸೆಟ್ ಜನಾಂಗದ ನಾಯಕರಾದ ಕನಾನಿಕಸ್ ಮತ್ತು ಮಿಯಾಂಟನೊಮಿ ಎಂಬವರಿಂದಲೇ ಭೂಮಿಯನ್ನು ಪಡೆದು ಆತನು ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿದನು. ಮತವಿಷಯದಲ್ಲಿ ಅಲ್ಲಿ ಯಾರ ಮೇಲೆಯೂ ಬಲಾತ್ಕಾರವಿರಲಿಲ್ಲ. ಅದೇ ಮುಂದೆ ರೋಡ್ ಐಲೆಂಡ್ ವಸಾಹತಾಗಿ ಬೆಳೆಯಿತು. 1644ರಲ್ಲಿ ಮತಪೀಡನೆಯನ್ನು ಖಂಡಿಸಿ ಆತನು ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಅಲ್ಲಿನ ಪಾರ್ಲಿಮೆಂಟಿನ ಆಜ್ಞೆಯಂತೆ ಸುಡಲಾಯಿತು. ಆ ಪಾರ್ಲಿಮೆಂಟಿನಲ್ಲಿ ಪ್ರಬಲರಾಗಿದ್ದವರೂ ಪ್ಯೂರಿಟನ್ನರೇ!

ವಿಲಿಯಮ್ಸನ ಬಳಿಕ ಆನ್ ಹಚಿನ್ಸನ್ ಎಂಬ ವಿದುಷಿಯನ್ನು, ಆಕೆಯ ಧರ್ಮವ್ಯಾಖ್ಯಾನವು ಸಲ್ಲದೆಂದು 1637ರಲ್ಲಿ ವಿಚಾರಣೆಗೊಳಪಡಿಸಿ ಹೊರಹಾಕಿದರು. ಆಕೆಯ ಅನುಯಾಯಿಗಳಲ್ಲಿ ಮೇರಿ ಡೈಯರ್ ಎಂಬ ಸ್ತ್ರೀಯೂ ಇದ್ದಳು. ಈಕೆಯು ತರುವಾಯ ಕ್ವೇಕರ್ ಪಂಥವನ್ನು ಸೇರಿದಳು. ಪುರೋಹಿತರಿಲ್ಲದೆ ಮೌನದಲ್ಲಿ ಕುಳಿತು ಅಂತಃಪ್ರಕಾಶಕ್ಕಾಗಿ ಕಾಯುವ ಈ ಪಂಥದವರನ್ನು ಕಂಡರೆ ಬೋಸ್ಟನ್ನಿನವರಿಗೆ ಎಲ್ಲಿಲ್ಲದ ರೋಷ. ಗಡೀಪಾರಾದ ಕ್ವೇಕರರು ಮರಳಿ ಬಂದರೆ ಮರಣದಂಡನೆಯೆಂದು 1658ರಲ್ಲಿ ಶಾಸನವಾಯಿತು. 1659ರಲ್ಲಿ ಇಬ್ಬರು ಪುರುಷರನ್ನು ಗಲ್ಲಿಗೇರಿಸಿ, ಅವರೊಡನೆ ತಂದು ನಿಲ್ಲಿಸಿದ್ದ ಮೇರಿ ಡೈಯರಳನ್ನು ಕಡೆಯ ಗಳಿಗೆಯಲ್ಲಿ ಬಿಟ್ಟುಕಳುಹಿದರು. ಆಕೆಯು ಸುಮ್ಮನಿರಲಿಲ್ಲ. ಆ ಶಾಸನವನ್ನು ಪ್ರತಿಭಟಿಸಲೆಂದೇ ಮತ್ತೆ ಬಂದಳು. 1660ರ ಜೂನ್ 1ರಂದು ಆಕೆಯನ್ನೂ ಗಲ್ಲಿಗೇರಿಸಿದರು. 1661ರಲ್ಲಿ ಇನ್ನೊಬ್ಬನು ಹತನಾದ ತರುವಾಯ, ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಆಜ್ಞೆಯಿಂದ ಈ ಕೊಲೆಗಳು ನಿಂತವು. ಯಾವ ರಾಜಶಕ್ತಿಗೆ ಅಂಜಿ ಇವರು ಓಡಿಬಂದಿದ್ದರೋ ಅದೇ ರಾಜಶಕ್ತಿಯು ಇವರ ಕೈಯನ್ನು ಹಿಡಿದು ತಡೆಯಬೇಕಾಯಿತು.

ಕ್ವೇಕರರನ್ನು ನೀವೂ ಹೊರದೂಡಿರೆಂದು ನೆರೆಯ ವಸಾಹತುಗಳವರು 1657ರಲ್ಲಿಯೇ ರೋಡ್ ಐಲೆಂಡಿಗೆ ಬರೆದು ಒತ್ತಾಯಪಡಿಸಿದ್ದರು. ಅಂತಹ ಶಾಸನವು ತಮ್ಮಲ್ಲಿಲ್ಲವೆಂದೂ, ಎಲ್ಲಿ ಈ ಜನರನ್ನು ಸ್ವೇಚ್ಛೆಯಾಗಿ ಮಾತನಾಡಗೊಟ್ಟು ಕೇವಲ ವಾದದಿಂದ ಎದುರಿಸುವರೋ ಅಲ್ಲಿಗೆ ಬರಲು ಅವರಿಗೇ ಅಷ್ಟಾಗಿ ಮನಸ್ಸಿಲ್ಲವೆಂದೂ ಅಲ್ಲಿನವರು ಉತ್ತರವಿತ್ತರು. ಇಂತಹ ವಿವೇಕವು ಆ ಶತಮಾನದಲ್ಲಿ ವಿರಳ.

ಇತರ ವಸಾಹತುಗಳಲ್ಲಿಯೂ ಸಹಿಷ್ಣುತೆ ಇರಲಿಲ್ಲವೆಂದಲ್ಲ; ಆದರೆ ಅದಕ್ಕೊಂದು ಬೇಲಿಯಿತ್ತು. ರೋಮನ್ ಕ್ಯಾಥೋಲಿಕನಾದ ಬಾಲ್ಟಿಮೋರ್ ಪ್ರಭುವಿನ ಮೇರಿಲೆಂಡಿನಲ್ಲಿ 1649ರ ಶಾಸನವು ಕ್ರಿಸ್ತನನ್ನು ನಂಬುವ ಸರ್ವ ಪಂಥಗಳಿಗೂ ರಕ್ಷಣೆಯಿತ್ತಿತು. ಪಿತೃ ಪುತ್ರ ಪವಿತ್ರಾತ್ಮರೆಂಬ ತ್ರಿತ್ವವನ್ನು ಅಲ್ಲಗಳೆದವನಿಗೆ ಅದೇ ಶಾಸನವು ಮರಣವನ್ನು ವಿಧಿಸಿತು. 1654ರಲ್ಲಿ ಅಧಿಕಾರವು ಪ್ಯೂರಿಟನ್ನರ ವಶವಾದಾಗ ಆಶ್ರಯಕೊಟ್ಟ ಕ್ಯಾಥೋಲಿಕರಿಗೇ ಆ ರಕ್ಷಣೆಯು ತಪ್ಪಿತು. ಮತದ ಕಾರಣದಿಂದ ತಾನೇ ಸೆರೆಯನ್ನು ಕಂಡಿದ್ದ ಕ್ವೇಕರ್ ವಿಲಿಯಂ ಪೆನ್ನನು 1681ರಲ್ಲಿ ಸನ್ನದು ಪಡೆದು ಸ್ಥಾಪಿಸಿದ ಪೆನ್ಸಿಲ್ವೇನಿಯದಲ್ಲಿ ಏಕದೇವವಾದಿಗಳೆಲ್ಲರೂ ನಿರ್ಭಯವಾಗಿ ಬಾಳಬಹುದಾಗಿದ್ದಿತು. ಅಧಿಕಾರಪದವಿಗೆ ಮಾತ್ರ ಕ್ರೈಸ್ತರೇ ಆಗಬೇಕಾಗಿದ್ದಿತು. ರೋಡ್ ಐಲೆಂಡ್ ಸಹ ತನ್ನ ಮೂಲತತ್ತ್ವದಲ್ಲಿ ಕೊನೆಯವರೆಗೆ ನಿಲ್ಲಲಿಲ್ಲ. ಅಲ್ಲಿನ ನ್ಯೂಪೋರ್ಟ್ ನಗರದಲ್ಲಿ 1763ರಲ್ಲಿ ಪ್ರತಿಷ್ಠಿತವಾದ ಯೆಹೂದ್ಯರ ಪ್ರಾರ್ಥನಾಮಂದಿರವು ಈಗಲೂ ಇದೆ. ಆದರೆ ಅದಕ್ಕೆ ಹಿಂದಿನ ವರ್ಷವೇ ಅಲ್ಲಿನ ನ್ಯಾಯಸ್ಥಾನವು ಯೆಹೂದ್ಯನೊಬ್ಬನಿಗೆ ಪ್ರಜಾಹಕ್ಕನ್ನು ನಿರಾಕರಿಸಿದ್ದಿತು. ಸಂಯುಕ್ತಸಂಸ್ಥಾನದ ರಾಜ್ಯಾಂಗಕ್ಕೆ 1791ರಲ್ಲಿ ಮತಸ್ವಾತಂತ್ರ್ಯದ ತಿದ್ದುಪಡಿಯು ಸೇರಿತಾದರೂ, ಮ್ಯಾಸಚೂಸೆಟ್ಸಿನಲ್ಲಿ ಮತಸಂಸ್ಥೆಗೆ ರಾಜ್ಯದ ಆಸರೆಯು ತಪ್ಪಿದುದು 1833ರಲ್ಲಿ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆನು. ರೋಜರ್ ವಿಲಿಯಮ್ಸನಿಗೆ ಕ್ವೇಕರರ ಸಿದ್ಧಾಂತವು ಕಿಂಚಿತ್ತೂ ಸಮ್ಮತವಾಗಿರಲಿಲ್ಲ. 1672ರಲ್ಲಿ ಆತನು ಅವರ ಮತವನ್ನು ಖಂಡಿಸಿ ಹದಿನಾಲ್ಕು ಪ್ರತಿಜ್ಞೆಗಳನ್ನು ರಚಿಸಿ ವಾದಕ್ಕೆ ಆಹ್ವಾನವಿತ್ತನು. ಪೂರ್ವಪಕ್ಷವನ್ನು ಪೂರ್ಣವಾಗಿ ಆಲಿಸದೆ ಸಿದ್ಧಾಂತವನ್ನು ನುಡಿಯಬಾರದೆಂದು ಪಾಠಶಾಲೆಯಲ್ಲಿ ಗುರುಮುಖದಿಂದ ಕಲಿತ ನನ್ನಂತಹವನಿಗೆ ಈ ಭಾಗವು ಅತ್ಯಂತ ಪ್ರಿಯವಾದುದು. ಎಪ್ಪತ್ತರ ಸಮೀಪದ ಆ ವೃದ್ಧನು ಹಗಲೆಲ್ಲ ತಾನೇ ದೋಣಿಗೆ ಹುಟ್ಟುಹಾಕುತ್ತ ಪ್ರಾವಿಡೆನ್ಸಿನಿಂದ ನ್ಯೂಪೋರ್ಟಿಗೆ ನಡುರಾತ್ರಿಯ ಹೊತ್ತಿಗೆ ತಲಪಿದನು. ಅಲ್ಲಿ ಮೂರು ದಿನ, ಬಳಿಕ ಪ್ರಾವಿಡೆನ್ಸಿನಲ್ಲಿ ಒಂದು ದಿನ ವಾದವು ನಡೆಯಿತು. ಯಾರೂ ಸೋತೆವೆಂದು ಒಪ್ಪಲಿಲ್ಲ. ಎರಡು ಪಕ್ಷದವರೂ ಪರಸ್ಪರ ಕಟುವಾದ ಗ್ರಂಥಗಳನ್ನು ಬರೆದರು. ಕ್ವೇಕರರು ನ್ಯೂಪೋರ್ಟಿನಲ್ಲಿ ಎಂದಿನಂತೆ ತಮ್ಮ ಸಭೆಗಳನ್ನು ನಡೆಸುತ್ತ ಬಂದರು.