ದೇವರ ದುಡ್ಡಿಗೆ ಲೆಕ್ಕ ಕೇಳಿದವರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ಶುರುವಾದದ್ದು 1430ರ ಸುಮಾರಿಗೆ, ವಿಜಯನಗರದ ದೇವರಾಯನ ಆಳ್ವಿಕೆಯಲ್ಲಿ. ಅರಸನ ಒಪ್ಪಿಗೆಯಿತ್ತು ನಿಜ. ಆದರೆ ಮೂರು ನೆಲೆಯ ಆ ಬಸದಿಯ ಹಿಂದೆ ಬಿದಿರೆಯ ಜೈನ ವರ್ತಕರ, ಊರ ಶ್ರಾವಕರ ದುಡ್ಡೂ ದುಡಿಮೆಯೂ ಇತ್ತು. ಹೀಗೆ ಹತ್ತು ಜನ ಸೇರಿ ಕಟ್ಟಿದ್ದನ್ನು ಕಾಯುವವರು ಯಾರು, ಕಾಯುವವರೇ ತಿಂದರೆ ಕೇಳುವವರು ಯಾರು ಎಂಬ ಚಿಂತೆ ಆ ಕಾಲದವರಿಗೂ ಇತ್ತು. ಕರಾವಳಿಯ ದಾನಶಾಸನಗಳನ್ನು ಓದಿದರೆ ಅದು ಗೊತ್ತಾಗುತ್ತದೆ. ಗದ್ದೆಯ ನಾಲ್ಕು ಗಡಿ, ದೀಪಕ್ಕೆ ಇಷ್ಟು ಎಣ್ಣೆ, ನೈವೇದ್ಯಕ್ಕೆ ಇಷ್ಟು ಅಕ್ಕಿ ಎಂದು ಕೆತ್ತಿದ ಮೇಲೆ ಕೊನೆಯಲ್ಲಿ ಶಾಪ ಬರುತ್ತದೆ. ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ಕಾಶಿಯಲ್ಲಿ ಗೋಹತ್ಯೆ ಮಾಡಿದ ಪಾಪಕ್ಕೆ ಹೋಗುತ್ತಾನೆ. ಶಾಪದ ಪಕ್ಕದಲ್ಲೇ ಇನ್ನೊಂದು ಮಾತೂ ಇರುತ್ತದೆ: ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದು ದೊಡ್ಡ ಪುಣ್ಯ.

ಸಾರ್ವಜನಿಕ ಸಂಸ್ಥೆಯ ಪದಾಧಿಕಾರಿಗಳಿಗೆಂದು ಈ ಸೀಮೆಯಲ್ಲಿ ಬರೆದಿಟ್ಟ ಹಳೆಯ ನಿಯಮಾವಳಿ ಇದು. ತಪ್ಪಿಗೆ ಶಿಕ್ಷೆಯಿದೆ, ಸೇವೆಗೆ ಗೌರವವಿದೆ. ಇಲ್ಲದ್ದು ಒಂದೇ, ಲೆಕ್ಕ ತೋರಿಸಬೇಕಾದ ದಿನ.

ಆ ದಿನವನ್ನು ಗೊತ್ತು ಮಾಡಿದ್ದು ದೈವಾರಾಧನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಗ್ರಾಮಕ್ಕೆ ಹೋದರೂ ಗ್ರಾಮದೈವದ ಭಂಡಾರ ಸಾಮಾನ್ಯವಾಗಿ ಒಂದು ಮನೆಯಲ್ಲಿರುತ್ತದೆ. ಕಡ್ಸಲೆ (ದೈವದ ಕತ್ತಿ), ಮಣಿ, ಚಾಮರ, ಬೆಳ್ಳಿಯದೋ ಹಿತ್ತಾಳೆಯದೋ ಮೊಗ, ಭಕ್ತರು ಒಪ್ಪಿಸಿದ ಚಿನ್ನ. ವರ್ಷವಿಡೀ ಅದರ ಮೇಲೆ ಊರ ಯಜಮಾನಿಕೆಯ ಒಂದು ಗುತ್ತಿನ ಮನೆಯವರ ಕಾವಲು. ದೈವದ ಉತ್ಸವವಾದ ನೇಮದ ದಿನ ಭಂಡಾರ ಹೊರಡುತ್ತದೆ. ವಾದ್ಯ, ದೀವಟಿಗೆಗಳ ನಡುವೆ ಊರಿನವರೆಲ್ಲ ನೋಡುತ್ತಿರುವಾಗ ಪ್ರತಿಯೊಂದು ವಸ್ತುವೂ ಗದ್ದೆ ದಾಟಿ ದೈವದ ಗುಡಿಗೆ ಬರುತ್ತದೆ, ನೇಮ ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇದು ಭಕ್ತಿಯ ಮೆರವಣಿಗೆ, ಸಂಶಯವಿಲ್ಲ. ಜೊತೆಗೇ ಊರು ತನ್ನ ಆಸ್ತಿಯನ್ನು ವರ್ಷಕ್ಕೊಮ್ಮೆ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುವ ಏರ್ಪಾಡೂ ಹೌದು. ಕಳೆದ ವರ್ಷ ಇದ್ದ ಬೆಳ್ಳಿಯ ಚಾಮರ ಈ ವರ್ಷ ಕಾಣದಿದ್ದರೆ ಸಾವಿರ ಕಣ್ಣುಗಳಿಗೆ ಅದು ತಿಳಿಯುತ್ತದೆ.

ಆಮೇಲೆ ದೈವದ ನುಡಿ. ಗಡಿ ಹಿಡಿದವರನ್ನು, ಎಂದರೆ ಪಟ್ಟವೇರಿದವರನ್ನು, ಗುತ್ತು ಬರ್ಕೆಗಳ ಯಜಮಾನರನ್ನು ದೈವ ಹೆಸರು ಹಿಡಿದು, ಅವರವರ ಸ್ಥಾನಮಾನದ ಕ್ರಮದಲ್ಲೇ ಕರೆಯುತ್ತದೆ. ನಡೆಸಬೇಕಾದ ಪರ್ವ ಯಾಕೆ ನಿಂತಿತು, ಗುಡಿಯ ಮಾಡು ಯಾಕೆ ಸೋರುತ್ತಿದೆ ಎಂದು ಕೇಳುತ್ತದೆ. ಯಜಮಾನರು ಸಭೆಯ ಎದುರಿಗೇ ಉತ್ತರ ಹೇಳಬೇಕು, ತಪ್ಪಿದ್ದರೆ ತಪ್ಪುಕಾಣಿಕೆ ಹಾಕಬೇಕು. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಉಳಿದ ದಿನಗಳಲ್ಲಿ ಗುತ್ತಿನ ಚಾವಡಿ ಹತ್ತಲಾಗದಿದ್ದವರ ಬಾಯಿಂದ ಆ ಒಂದು ರಾತ್ರಿ ಚಾವಡಿಯ ಒಡೆಯನಿಗೆ ಪ್ರಶ್ನೆ ಬರುತ್ತಿತ್ತು. ಈ ವ್ಯವಸ್ಥೆಯ ಬಲವೂ ಮಿತಿಯೂ ಇಲ್ಲೇ ಇದೆ. ಬೆಳಗಾದರೆ ಪ್ರಶ್ನೆ ಕೇಳಿದವರ ಬದುಕು ಮತ್ತೆ ಅದೇ ಒಡೆಯನ ಅಕ್ಕಿಯ ಮೇಲೆ ನಿಂತಿರುತ್ತಿತ್ತು. ಹಾಗಿರುವಾಗ ಎಷ್ಟು ಕಟುವಾದ ಪ್ರಶ್ನೆಗಳು ಗಂಟಲಲ್ಲೇ ಉಳಿದವೋ ಯಾರು ಹೇಳಬೇಕು?

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಇದೇ ಹೊಣೆಗಾರಿಕೆ ಇನ್ನೊಂದು ರೂಪ ಪಡೆಯಿತು. ಶಿವನ ಕ್ಷೇತ್ರ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರ ಆಡಳಿತ. ‘ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಎಂಬ ಗಾದೆ ಘಟ್ಟದ ಮೇಲೂ ಕೆಳಗೂ ಎಲ್ಲರಿಗೂ ಗೊತ್ತು. ದಾಯಾದಿಗಳ ಪಾಲಿನ ಜಗಳ, ಸಾಲದ ತಕರಾರು, ನಂಬಿಸಿ ಮೋಸ ಮಾಡಿದ ದೂರು ಹೆಗ್ಗಡೆಯವರ ಮುಂದೆ ಹೊಯ್ಲಾಗಿ, ಎಂದರೆ ನ್ಯಾಯದ ಮೊರೆಯಾಗಿ, ಬರುತ್ತಿದ್ದವು, ಎರಡೂ ಕಡೆಯವರ ಮಾತು ಕೇಳಿ ತೀರ್ಮಾನವಾಗುತ್ತಿತ್ತು. ಊರಿನ ದುಡ್ಡು ನುಂಗಿದ್ದಾನೆಂದು ಗುಮಾನಿ ಬಂದ ಮನುಷ್ಯನಿಗೆ ಜನ ಹಾಕುತ್ತಿದ್ದ ಸವಾಲೂ ಒಂದೇ: ಮಂಜುನಾಥನ ಎದುರು ಬಂದು ಆಣೆ ಇಡು. ಕಾಸರಗೋಡಿನ ಕಡೆಯವರಾದರೆ ಕಾನತ್ತೂರು ನಾಲ್ವರ್ ದೈವಗಳ ಹೆಸರು ಹೇಳುತ್ತಿದ್ದರು. ಆಣೆಯ ಭಯಕ್ಕೆ ಎಷ್ಟೋ ಹಣ ರಾತ್ರೋರಾತ್ರಿ ವಾಪಸಾಗಿರಬೇಕು. ಆದರೆ ಆಣೆ ಹೆದರುವವನನ್ನು ಮಾತ್ರ ಹಿಡಿಯುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲಿ ತಪ್ಪಿತು ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳಬೇಕಾದರೆ ಪುಸ್ತಕ ಬೇಕು. ಪುಸ್ತಕ ತಂದದ್ದು ಸರಕಾರ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು, ಮದರಾಸು ಪ್ರಾಂತಕ್ಕೆ ಸೇರಿತು. 1817ರ ಮದರಾಸು ರೆಗ್ಯುಲೇಷನ್ ದೇವಸ್ಥಾನ, ಮಸೀದಿ, ಛತ್ರಗಳ ಉಂಬಳಿ ಪೋಲಾಗದಂತೆ ನೋಡುವ ಹೊಣೆಯನ್ನು ರೆವಿನ್ಯೂ ಬೋರ್ಡಿಗೆ ಕೊಟ್ಟಿತು. ಕ್ರೈಸ್ತ ಸರಕಾರಕ್ಕೆ ಅನ್ಯಮತದ ಗುಡಿಗಳ ಉಸಾಬರಿ ಯಾಕೆ ಎಂಬ ಕೂಗು ಇಂಗ್ಲೆಂಡಿನಲ್ಲಿ ಎದ್ದಾಗ ಕಂಪೆನಿ ಕೈತೊಳೆದುಕೊಂಡಿತು. 1863ರ ಕಾಯ್ದೆ ಸ್ಥಳೀಯ ಸಮಿತಿಗಳಿಗೆ ಮೇಲ್ವಿಚಾರಣೆ ವಹಿಸಿ ಸದಸ್ಯರಿಗೆ ಜೀವಾವಧಿ ಸ್ಥಾನ ಕೊಟ್ಟಿತು. ತೆಗೆಯಲಾಗದವರನ್ನು ಪ್ರಶ್ನಿಸುವುದು ಹೇಗೆ? ಮೊಕ್ತೇಸರರ ಮೇಲೆ ದೂರಿದ್ದವರು ಕೋರ್ಟು ಹತ್ತಬೇಕಾಯಿತು, ಕೋರ್ಟು ಹತ್ತುವ ತಾಕತ್ತು ಇದ್ದವರು ಕಡಿಮೆ. 1920ರ ದಶಕದಲ್ಲಿ ಎರಡು ಕಡೆ ಬಿಗಿ ಬಂತು. 1923ರ ವಕ್ಫ್ ಕಾಯ್ದೆ ವಕ್ಫ್ ಆಸ್ತಿ ನೋಡಿಕೊಳ್ಳುವ ಮುತವಲ್ಲಿಗಳು ಲೆಕ್ಕ ಸಲ್ಲಿಸಲೇಬೇಕು ಎಂದಿತು. ಅದೇ ದಶಕದಲ್ಲಿ ಮದರಾಸು ಹಿಂದೂ ಧಾರ್ಮಿಕ ದತ್ತಿ ಮಂಡಳಿ ಹುಟ್ಟಿತು.

ಈ ಬಿಗಿಗೆ ಎದುರಾಗಿ ನಿಂತ, ಇಡೀ ದೇಶವೇ ಇಂದಿಗೂ ಉಲ್ಲೇಖಿಸುವ ಮೊಕದ್ದಮೆ ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯದು. ಉಡುಪಿಯ ಶಿರೂರು ಮಠಕ್ಕೆ ಪೂಜೆಯ ಸರದಿಯಾದ ಪರ್ಯಾಯದ ಖರ್ಚಿನಿಂದ ಸಾಲ ಏರಿದಾಗ ಮಂಡಳಿ ಆಡಳಿತದಲ್ಲಿ ಕೈಹಾಕಿತು, ಮಠದ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಗೆರೆ ಎಳೆದು ಹೇಳಿತು: ಪೂಜೆ, ಆಚಾರ, ಸಂಪ್ರದಾಯ ಮಠದ ಸ್ವಂತ ವಿಷಯ, ಅದರಲ್ಲಿ ಸರಕಾರ ತಲೆಹಾಕುವಂತಿಲ್ಲ. ಆಸ್ತಿಯ ಆಡಳಿತವಾದರೆ ಕಾನೂನಿನ ಪ್ರಕಾರವೇ ನಡೆಯಬೇಕು. ಪೀಠಕ್ಕೆ ಎಷ್ಟೇ ಗೌರವವಿರಲಿ, ಪೆಟ್ಟಿಗೆಯ ಲೆಕ್ಕ ಬೇರೆ ಎಂಬ ಈ ವಿವೇಕ ನಮ್ಮ ಸಂಘಸಂಸ್ಥೆಗಳಿಗೆ ಇವತ್ತಿಗೂ ಬೇಕಾದದ್ದು.

ಇಷ್ಟೆಲ್ಲ ಕಾಯ್ದೆ ಬಂದರೂ ಹಳ್ಳಿಯ ಮಟ್ಟದಲ್ಲಿ ಲೆಕ್ಕ ಕೇಳುವ ಅಭ್ಯಾಸ ಬೆಳೆದದ್ದು ಬೇರೆ ಕಾರಣಕ್ಕೆ. 1974ರ ಭೂಸುಧಾರಣೆ. ಗೇಣಿ ಒಕ್ಕಲು ತುಂಬಿದ್ದ ಈ ತಾಲೂಕುಗಳಲ್ಲಿ ಉಳುವವನು ಹೊಲದೊಡೆಯನಾದ. ಗುತ್ತಿನ ಮನೆಗಳಿಗೆ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು, ದೇವಸ್ಥಾನದ ಗದ್ದೆಗಳೂ ಕೈಬಿಟ್ಟವು. ಬದಲಿಗೆ ಸರಕಾರದಿಂದ ಸಿಕ್ಕಿದ ತಸ್ತೀಕು ಹಣ ದೀಪದ ಎಣ್ಣೆಗೂ ಸಾಲುತ್ತಿರಲಿಲ್ಲ. ಅಲ್ಲಿಯವರೆಗೆ ನೇಮವೋ ಜಾತ್ರೆಯೋ ನಡೆಯುತ್ತಿದ್ದುದು ಯಜಮಾನರ ಉಗ್ರಾಣದಿಂದ. ಆ ಅಕ್ಕಿ ಒಕ್ಕಲಿನ ಬೆವರಿನದೇ ಆದರೂ ಕೇಳುವ ಹಕ್ಕು ಒಕ್ಕಲಿಗೆ ಇರಲಿಲ್ಲ. ಈಗ ಮನೆಮನೆಯಿಂದ ವಂತಿಗೆ ಎತ್ತಬೇಕಾಯಿತು. ವಂತಿಗೆ ಬಂದ ಹಿಂದೆಯೇ ಸಮಿತಿ ಬಂತು, ರಶೀದಿ ಪುಸ್ತಕ ಬಂತು, ಮಹಾಸಭೆ ಬಂತು. ಜೀರ್ಣೋದ್ಧಾರ ಸಮಿತಿ, ಬ್ರಹ್ಮಕಲಶೋತ್ಸವ ಸಮಿತಿ, ಸಾರ್ವಜನಿಕ ಗಣೇಶೋತ್ಸವ ಸಮಿತಿ ಎಂದು ಈ ಸೀಮೆಯಲ್ಲಿ ಕಾಣುವ ನೂರಾರು ಬ್ಯಾನರುಗಳ ಹಿಂದಿನ ಚರಿತ್ರೆ ಇದು. ದುಡ್ಡು ಯಾರ ಕಿಸೆಯಿಂದ ಹೋಗುತ್ತದೋ ಪ್ರಶ್ನೆಯೂ ಅಲ್ಲಿಂದಲೇ ಏಳುತ್ತದೆ. ಕಾನೂನು ನೂರೈವತ್ತು ವರ್ಷದಲ್ಲಿ ಮಾಡಲಾಗದ್ದನ್ನು ಇಪ್ಪತ್ತು ರೂಪಾಯಿಯ ರಶೀದಿ ಮಾಡಿತು.

ಇಂಥ ಒಂದು ಬ್ರಹ್ಮಕಲಶದಲ್ಲಿ ಸ್ವಯಂಸೇವಕರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹೊರೆಕಾಣಿಕೆ ಬರುವ ದಿನ ಊರೂರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಬೆಲ್ಲ, ಬಾಳೆಗೊನೆ, ಕುಂಬಳ, ಸೌತೆ ಪಿಕಪ್ಪುಗಳಲ್ಲಿ ಬಂದು ಬೀಳುತ್ತದೆ. ಉಗ್ರಾಣದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾವ ಊರಿನಿಂದ, ಎಷ್ಟು ಮುಡಿ ಅಕ್ಕಿ, ಎಷ್ಟು ಕಾಯಿ ಎಂದು ಬರೆಯದೆ ಒಂದು ಮೂಟೆಯೂ ಒಳಗೆ ಹೋಗುವುದಿಲ್ಲ. ಅಡುಗೆಯವರಿಗೆ ಕೊಡುವಾಗಲೂ ಚೀಟಿ. ಎಲ್ಲ ಮುಗಿದ ಮೇಲೆ ಉಳಿದ ಕಾಯಿ, ಅಕ್ಕಿಯನ್ನು ಅಂಗಳದಲ್ಲೇ ಏಲಂ ಹಾಕಿ ಹಣವನ್ನು ಜಮೆಗೆ ಸೇರಿಸುತ್ತಾರೆ. ಕಾಣಿಕೆ ಡಬ್ಬಿ ಒಡೆಯುವಾಗ ಚಾಪೆ ಹಾಸಿ ಹತ್ತು ಜನ ಸುತ್ತ ಕೂತು ಎಣಿಸುತ್ತಾರೆ, ಒಬ್ಬರೇ ಮುಟ್ಟುವಂತಿಲ್ಲ. ಎಲ್ಲಿ ಹೀಗೆ ನಡೆಯುತ್ತದೋ ಅಲ್ಲಿ ಮುಂದಿನ ವರ್ಷ ವಂತಿಗೆಗೆ ಹೋದವರನ್ನು ಜನ ಕುಳ್ಳಿರಿಸಿ ಪಾನಕ ಕೊಡುತ್ತಾರೆ. ಎಲ್ಲಿ ಲೆಕ್ಕ ಮಂಡನೆ ಎರಡು ವರ್ಷ ಮುಂದೆ ಹೋಯಿತೋ ಅಲ್ಲಿ ಸಮಿತಿ ಎರಡಾಗುತ್ತದೆ.

ಸಹಕಾರಿ ಚಳವಳಿ ಈ ಪಾಠವನ್ನು ಇನ್ನೂ ಮೊದಲೇ ಕಲಿಸಿತ್ತು. ಮೊಳಹಳ್ಳಿ ಶಿವರಾಯರು 1909ರಲ್ಲಿ ಪಕ್ಕದ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿತು. 1904ರ ಸಹಕಾರಿ ಕಾಯ್ದೆಯಡಿ ಗ್ರಾಮೀಣ ಸಂಘಗಳ ಸದಸ್ಯರದ್ದು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯನ ಮನೆಯ ಹಸುವೂ ಹೋಗಬಹುದು. ಹಾಗಾಗಿ ಪ್ರತಿಯೊಬ್ಬ ಸದಸ್ಯನೂ ಕಾವಲುಗಾರನಾದ, ಜೊತೆಗೆ ವರ್ಷಕ್ಕೊಮ್ಮೆ ರಿಜಿಸ್ಟ್ರಾರರ ಲೆಕ್ಕಪರಿಶೋಧನೆ. 1970ರ ಸುಮಾರಿಗೆ ಅಡಿಕೆಯ ಬೆಲೆ ಕುಸಿದಾಗ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟು ಸೇರಿಸಿ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕಟ್ಟಲು ಸಾಧ್ಯವಾದದ್ದು ಈ ಅರವತ್ತು ವರ್ಷಗಳ ಅಭ್ಯಾಸದ ಮೇಲೆ. ಅಡಿಕೆ ಕೊಟ್ಟು ಚೀಟಿ ಹಿಡಿದು ಮನೆಗೆ ಹೋಗುವ ನಂಬಿಕೆ ಒಂದು ದಿನದಲ್ಲಿ ಬರುವಂಥದಲ್ಲ.

1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಇದೇ ತತ್ತ್ವ ದುಡಿಮೆಗೂ ಅನ್ವಯವಾಯಿತು. ಸಣ್ಣ ರೈತರ ಪುಟ್ಟ ಗುಂಪು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ತೋಟದಲ್ಲಿ ಕೂಲಿಯಿಲ್ಲದೆ ದುಡಿಯುತ್ತದೆ. ಇಂದು ಬಾರದವನ ತೋಟಕ್ಕೆ ನಾಳೆ ಯಾರು ಬರುತ್ತಾರೆ? ಸಾಲ, ಉಳಿತಾಯ, ಹಾಜರಿ ಎಲ್ಲವೂ ವಾರದ ಸಭೆಯಲ್ಲಿ ಪುಸ್ತಕಕ್ಕೆ ಏರುತ್ತದೆ. ಸ್ವಸಹಾಯ ಸಂಘಗಳು ಹರಡಿದ ಮೇಲೆ, ಹಿಂದೆ ಯಾವ ಸಭೆಯಲ್ಲೂ ಬಾಯಿ ತೆರೆಯದಿದ್ದ ಬೀಡಿ ಕಟ್ಟುವ ಹೆಂಗಸರು ಜಮಾಖರ್ಚು ಓದಿ ತಪ್ಪು ಹಿಡಿಯತೊಡಗಿದರು. ಈ ಸೀಮೆಯ ಲೆಕ್ಕದ ಚರಿತ್ರೆಯಲ್ಲಿ ಅತಿ ದೊಡ್ಡ ಬದಲಾವಣೆ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಕೊಟ್ಟದ್ದನ್ನು ಕದಿಯದೆ ಕಾಪಾಡಿದರೆ ಸಾಕೇ ಎಂಬ ಪ್ರಶ್ನೆಯನ್ನೂ ಮೂಡುಬಿದಿರೆಯೇ ಎತ್ತಿತು. ಜೈನ ಆಗಮಗ್ರಂಥವಾದ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ಬರೆದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು, ಹಳಗನ್ನಡ ಲಿಪಿಯವು, ಇಡೀ ಭಾರತದಲ್ಲಿ ಉಳಿದದ್ದು ಇಲ್ಲಿಯ ಗುರುಬಸದಿಯಲ್ಲಿ ಮಾತ್ರ. ಕಾವಲಿನವರು ಶತಮಾನಗಳ ಕಾಲ ಅವನ್ನು ಕಣ್ಣಿನ ರೆಪ್ಪೆಯಂತೆ ಕಾದರು. ಯಾತ್ರಿಕರಿಗೆ ದರ್ಶನವಿತ್ತು, ಓದಲು ಅವಕಾಶವಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಯ ಶ್ರಾವಕರ ಒತ್ತಾಯಕ್ಕೆ ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿತು, ಆ ಪ್ರತಿಯೂ ಮೂಡುಬಿದಿರೆಯಿಂದ ಹೊರಗೆ ಹೋಗಕೂಡದೆಂಬ ಕಟ್ಟಿನೊಂದಿಗೆ. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಬರೆದು ಹೊರಗೆ ಸಾಗಿಸಿದರು. ಅದು ಸಹಾರನಪುರ ತಲುಪಿ, ಅಲ್ಲಿಂದ ಹರಡಿ, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಮುಂದೆ ಮೂಲದೊಂದಿಗೆ ಹೋಲಿಸಿ ನೋಡಲು ಮೂಡುಬಿದಿರೆಯವರೇ ಬಾಗಿಲು ತೆರೆದರು. ಗಜಪತಿಯವರು ನಂಬಿಕೆ ಮುರಿದರು, ಅದನ್ನು ಮುಚ್ಚಿಡುವುದು ಬೇಡ. ಆದರೆ ಆ ಗ್ರಂಥ ಸೇರಬೇಕಾದವರು ಬಸದಿಯ ಪಂಚರು ಮಾತ್ರವಲ್ಲ, ಓದುವ ಇಡೀ ಸಮುದಾಯ. ಕಾಯುವವರು ಯಾರಿಗಾಗಿ ಕಾಯುತ್ತಿದ್ದೇವೆ ಎಂಬುದನ್ನು ಮರೆತಾಗ ಪ್ರಾಮಾಣಿಕತೆಯೂ ಬೀಗವಾಗಿ ಬಿಡುತ್ತದೆ.

ಕೊಟ್ಟದ್ದನ್ನು ಕಾಯುವ ಪ್ರಶ್ನೆ ಇವತ್ತು ಹೊಸ ರೂಪದಲ್ಲಿ ಬಂದಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆ ಗುಡ್ಡ ಜರಿದು ನೀರು ನುಗ್ಗಿದಾಗ ತೋಟಗಳಲ್ಲಿ ಆಳೆತ್ತರದ ಮರಳು ತುಂಬಿತು. ನೂರಾರು ಹುಡುಗರು ಹಾರೆ ಹಿಡಿದು ಬಂದರು, ಎಲ್ಲೆಲ್ಲಿಂದಲೋ ಹಣ, ಅಕ್ಕಿ, ಬಟ್ಟೆ ಬಂತು. ಈಗ ವಂತಿಗೆ ಎತ್ತಲು ಮನೆಮನೆಗೆ ಹೋಗಬೇಕಾಗಿಲ್ಲ, ಮೊಬೈಲಿನ ಒಂದು ಕ್ಯೂಆರ್ ಚಿತ್ರ ಸಾಕು. ಕೊಡುವವನಿಗೆ ಪಡೆಯುವವನ ಮುಖ ಗೊತ್ತಿಲ್ಲ, ಉಗ್ರಾಣದ ಬಾಗಿಲಲ್ಲಿ ಪುಸ್ತಕ ಹಿಡಿದವರೂ ಇಲ್ಲ. ನೋಂದಾಯಿತ ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷವರ್ಷ ಪರಿಶೋಧಿತ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಲೇಬೇಕು. ಆದರೆ ರಿಜಿಸ್ಟ್ರಾರರ ಕಪಾಟಿನಲ್ಲಿ ಕೂತ ಲೆಕ್ಕ ಊರಿಗೆ ಕಾಣುವುದಿಲ್ಲ. ಅದನ್ನು ಮಹಾಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ನೋಟಿಸ್ ಬೋರ್ಡಿಗೆ ಅಂಟಿಸಬೇಕು, ಕೇಳಿದವರನ್ನು ಊರಿನ ವೈರಿಯೆಂದು ನೋಡಬಾರದು.

ಈ ಸಲ ನಿಮ್ಮೂರ ಸಮಿತಿಯ ಮಹಾಸಭೆಗೆ ಹೋಗಿ. ಊಟಕ್ಕೆ ಮೊದಲೇ ಹೋಗಿ, ಜಮಾಖರ್ಚು ಓದುವಾಗ ಕೂತು ಕೇಳಿ, ಅರ್ಥವಾಗದ ಒಂದು ಬಾಬ್ತಿನ ಬಗ್ಗೆಯಾದರೂ ಎದ್ದು ನಿಂತು ವಿಚಾರಿಸಿ.