ಜಿನ್‌ಜು ನದಿ ಮತ್ತು ಕಮಿಯೋಕಾ ಗಣಿಯ ಕರಾರು

ಜಪಾನಿನ ಕಮಿಯೋಕಾ ಸತುವಿನ ಗಣಿಯಿಂದ ಹೊರಬಿದ್ದ ಕ್ಯಾಡ್ಮಿಯಂ ಜಿನ್‌ಜು ನದಿಯ ಮೂಲಕ ತೊಯಾಮಾ ಪ್ರಾಂತದ ಗದ್ದೆಗಳನ್ನು ಸೇರಿತು. ಅಲ್ಲಿನ ರೈತಸ್ತ್ರೀಯರ ಮೂಳೆಗಳು ಮೆತ್ತಗಾಗಿ ಮುರಿದವು. 'ನೋವು, ನೋವು' ಎಂಬರ್ಥದ 'ಇತಾಯಿ-ಇತಾಯಿ' ಎಂಬ ನರಳಾಟವೇ ರೋಗದ ಹೆಸರಾಯಿತು. 1961ರಲ್ಲಿ ವೈದ್ಯ ನೊಬೊರು ಹಗಿನೊ ಕಾರಣವನ್ನು ಸಾರಿದರು. ಸರಕಾರವು ಒಪ್ಪಿದುದು 1968ರಲ್ಲಿ. 1972ರ ಮೇಲ್ಮನವಿಯಲ್ಲಿಯೂ ಕಂಪನಿಯು ಸೋತ ತರುವಾಯ, ರೈತರು ಪರಿಹಾರಧನದೊಡನೆ ಇನ್ನೊಂದನ್ನೂ ಬರೆಸಿಕೊಂಡರು: ತಜ್ಞರನ್ನು ಕರೆದುಕೊಂಡು ಯಾವಾಗ ಬೇಕಾದರೂ ಗಣಿಯನ್ನು ಹೊಕ್ಕು ಪರೀಕ್ಷಿಸುವ ಹಕ್ಕು, ವೆಚ್ಚ ಕಂಪನಿಯದು. ತೀರ್ಪಿಗಿಂತಲೂ ಈ ಕರಾರೇ ಹಿರಿದೆಂದು ನನ್ನ ಎಣಿಕೆ. ಸುಣ್ಣ ಬೆರೆಸಿ ನೀರಿನ ಲೋಹವನ್ನು ತಳಕ್ಕಿಳಿಸುವ ವಿದ್ಯೆ ಹಳೆಯದು; ಆದರೆ ಕೊಳವೆಯ ಬಾಯಲ್ಲಿ ಅಳೆದರೆ ಸಾಲದು. ವರ್ಷವರ್ಷವೂ ನಡೆದ ತಪಾಸಣೆಯಿಂದ ಕಾರ್ಖಾನೆಯ ಅಡಿನೆಲದಿಂದ ಒಸರುವ ನೀರೂ ಲೆಕ್ಕಕ್ಕೆ ಬಂದಿತು. 2001ರಲ್ಲಿ ಗಣಿಗಾರಿಕೆ ನಿಂತರೂ ತಪಾಸಣೆ ನಿಲ್ಲಲಿಲ್ಲ. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದುದು 2012ರಲ್ಲಿ.